ಲಕ್ಷ್ಮಿಗೆ ಜಾಗ ಸಾಲದು

ಗ್ರಾಫಿಕ್ ಡಿಸೈನರ್ ಎಂದು ಹೇಳಿಕೊಂಡವನನ್ನು ಜನ ತಪ್ಪದೆ ಕೇಳುವ ಪ್ರಶ್ನೆ, ನಿಮಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂಬುದು. ಕೇಳುವವರು ಉತ್ತರವನ್ನೂ ಜೊತೆಯಲ್ಲೇ ತಂದಿರುತ್ತಾರೆ. ಹಂಪಿಯ ಕಲ್ಲಿನ ರಥ, ಇಳಕಲ್ ಸೀರೆಯ ಸೆರಗು, ಹಬ್ಬದ ಬೆಳಗಿನ ರಂಗೋಲಿ ಎಂದುಬಿಟ್ಟರೆ ಅವರಿಗೂ ಸಮಾಧಾನ, ನನಗೂ ಬಿಡುಗಡೆ. ಈಚೆಗೆ ಸಂಸ್ಥೆಯೊಂದು ಇದೇ ಪ್ರಶ್ನೆಯನ್ನು ಅರ್ಜಿಯ ನಮೂನೆಯಲ್ಲಿ ಅಚ್ಚುಹಾಕಿ, ಉತ್ತರಕ್ಕೆಂದು ಐದು ಗೆರೆಗಳನ್ನೂ ಎಳೆದು ಕಳಿಸಿತು. ರಥದ ಮೇಲೆ ನನಗೇನೂ ಸಿಟ್ಟಿಲ್ಲ. ಅದು ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ನೆಮ್ಮದಿಯಾಗಿ ನಿಂತಿದೆ. ಆದರೆ ನನ್ನ ಮನಸ್ಸು ಅರಳುವುದು ಹಿಟ್ಟಿನ ಗಿರಣಿಯ ಬೋರ್ಡು ನೋಡಿದಾಗ, ಅದರಲ್ಲೂ ಕುಂಚದಲ್ಲಿ ಬರೆದ ‘ಲಕ್ಷ್ಮೀ’ ಕಂಡಾಗ.

ಕರ್ನಾಟಕದಲ್ಲಿ ಲಕ್ಷ್ಮಿಯ ಹೆಸರಿಲ್ಲದ ಅಂಗಡಿಬೀದಿ ಇರಲಾರದು. ಅಕ್ಷರ ಕೂರಿಸುವವನಿಗೆ ಅವಳಷ್ಟು ಕಷ್ಟ ಕೊಡುವ ದೇವತೆಯೂ ಇನ್ನೊಬ್ಬಳಿಲ್ಲ. ಕಕಾರಕ್ಕೆ ಷಕಾರ ಬೆಸೆದುಕೊಂಡದ್ದು ಸಾಲದೆಂಬಂತೆ ಮಕಾರವೂ ಬಂದು ಕೆಳಗೆ ಜಾಗ ಕೇಳುತ್ತದೆ. ತಿಪಟೂರಿನಲ್ಲಿ ಬಸ್ಸಿಗಾಗಿ ಕಾಯುತ್ತಿದ್ದಾಗ, ಹತ್ತಿರದ ಗಿರಣಿಯೊಂದರ ರೋಲಿಂಗ್ ಶಟರಿನ ಮೇಲೆ ಒಬ್ಬ ಪೇಂಟರು ಕೆಲಸ ಮಾಡುತ್ತಿದ್ದುದನ್ನು ಕಂಡೆ. ಸುಣ್ಣ ಬಳಿದ ದಾರವನ್ನು ಬಿಗಿಹಿಡಿದು ಮೀಟಿ ಎರಡು ಗೆರೆ ಮೂಡಿಸಿದ್ದ ಅವರು, ಅಡಿಯಲ್ಲಿ ಇನ್ನೊಂದನ್ನು ಮಸುಕಾಗಿ ಎಳೆದುಕೊಂಡಿದ್ದರು. ಎಡಗೈಯಲ್ಲಿ ಹಿಡಿದ ಕೋಲಿನ ಮೇಲೆ ಬಲಗೈ ಊರಿ, ಶಟರಿನ ಏರುತಗ್ಗುಗಳಲ್ಲಿ ಕುಂಚ ಎಡವದಂತೆ ಎಳೆಯುತ್ತಾ, ಒತ್ತಕ್ಷರಗಳನ್ನೆಲ್ಲ ಬಿಟ್ಟು ಮೇಲಿನ ಸಾಲನ್ನು ಮಾತ್ರ ಮೊದಲು ಮುಗಿಸಿದರು. ‘ಶೀ ಲಕ್ಷೀ ವೆಂಕಟೇಶರ ಹಿಟಿನ ಗಿರಣಿ’ ಎಂದಾಯಿತು. ಅಷ್ಟರಲ್ಲಿ ಒಳಗಿನಿಂದ ಮೈತುಂಬ ಹಿಟ್ಟು ಮೆತ್ತಿಕೊಂಡು ಬಂದ ಮಾಲೀಕರು, “ಏನ್ರೀ ಇದು, ದೇವರ ಹೆಸರನ್ನೇ ತಪ್ಪು ಬರೆದುಬಿಟ್ರಲ್ಲ!” ಎಂದು ಗಾಬರಿಯಾದರು. ಪೇಂಟರು ಉತ್ತರ ಕೊಡಲಿಲ್ಲ. ಸಣ್ಣ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿ, ಹಿಟ್ಟಿಗೆ ಟಕಾರವನ್ನೂ ಈಶ್ವರನಿಗೆ ವಕಾರವನ್ನೂ ಕೊಟ್ಟು, ಶ್ರೀಕಾರವನ್ನು ಸರಿಪಡಿಸಿ, ಲಕ್ಷ್ಮಿಯನ್ನು ಕೊನೆಗೆ ಉಳಿಸಿಕೊಂಡರು. ಪಕ್ಕದ ‘ವೆಂ’ ಅಕ್ಷರಕ್ಕೆ ಒತ್ತಿಲ್ಲದ್ದರಿಂದ ಅದರ ಅಡಿಯಲ್ಲಿ ಜಾಗ ಬರಿದಾಗಿತ್ತು. ಮಕಾರದ ಬಾಲವನ್ನು ಅಲ್ಲಿಯವರೆಗೂ ಚಾಚಿ, ತುದಿಯನ್ನು ಮೇಲಕ್ಕೆ ಸುರುಳಿ ಸುತ್ತಿ ನಿಲ್ಲಿಸಿದರು. ನಾನು ಮೆಚ್ಚುಗೆಯ ಮಾತಿಗೆ ಬಾಯಿ ತೆರೆಯುವ ಮೊದಲೇ, “ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ ಸಾರ್, ನೆರಳು ಬೀಳ್ತಿದೆ” ಎಂದರು. ಬಸ್ಸು ಹೋಗಿಬಿಟ್ಟಿತ್ತು.

ಇದನ್ನು ಅರ್ಜಿಯ ಒಂದು ಗೆರೆಯಲ್ಲಿ ಬರೆಯುವುದು ಹೇಗೆ? ಉಳಿದ ಗೆರೆಗಳಿಗೆ ಮೈಸೂರು ಸ್ಯಾಂಡಲ್ ಸೋಪಿನ ಆನೆದಲೆಯ, ಸಿಂಹದ ಮೈಯ ಶರಭವನ್ನೂ ಶಿವಕಾಶಿಯ ಬೆಂಕಿಪೊಟ್ಟಣಗಳನ್ನೂ ತುಂಬಿಸಬಹುದಿತ್ತು. ಬೇಸರವಾಗಿ ಬಿಟ್ಟೆ.

ಒತ್ತಕ್ಷರದ ಪಾಡು ಹಿಂದೆ ಇಷ್ಟು ಹೀನವಾಗಿರಲಿಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದು ಕಲ್ಲಚ್ಚಿನಲ್ಲಿ. ಕೈಬರಹವೇ ಅಚ್ಚಾಗುವಾಗ ಅಕ್ಷರ ಎಷ್ಟು ಕೆಳಗಿಳಿದರೂ ಕಲ್ಲು ತಕರಾರು ಮಾಡುವುದಿಲ್ಲ. ಸೀಸದ ಅಚ್ಚುಮೊಳೆಗಳು ಬಂದ ಮೇಲೂ ಜೋಡಿಸುವವರು ಒತ್ತುಗಳನ್ನು ಹುಡುಕಿ ಹೊಂದಿಸುತ್ತಿದ್ದರು. ಈಗ ಕನ್ನಡದ ಕಟ್ಟು ಅರಿಯದ ಸಾಫ್ಟ್‌ವೇರಿಗೆ ಸಿಕ್ಕಿದರೆ ಲಕ್ಷ್ಮಿ ‘ಲಕ್‌ಷ್‌ಮಿ’ಯಾಗಿ ಮೂರು ತುಂಡಾಗುತ್ತಾಳೆ. ಅದನ್ನೇ ಆಳೆತ್ತರದ ಫ್ಲೆಕ್ಸಿನಲ್ಲಿ ಮುದ್ರಿಸಿ ಸಭಾಂಗಣದ ಬಾಗಿಲಿಗೆ ಕಟ್ಟುವವರಿಗೂ, ಅದರಡಿ ನಿಂತು ಫೋಟೋ ತೆಗೆಸಿಕೊಳ್ಳುವವರಿಗೂ ಏನೂ ಅನ್ನಿಸುವುದಿಲ್ಲವೆಂಬುದು ನನಗೆ ಇಂದಿಗೂ ಅರಗದ ಸಂಗತಿ. ತುಂಡಾಗದೆ ಉಳಿದರೆ ಕ್ಲೈಂಟು ಬಿಡುವುದಿಲ್ಲ. ಇಂಗ್ಲಿಷ್ ಸಾಲುಗಳು ಅಷ್ಟೇ ಎತ್ತರದಲ್ಲಿ ಒಪ್ಪವಾಗಿ ಕೂತಿವೆಯಲ್ಲ, ಕನ್ನಡದ್ದೂ ಹತ್ತಿರ ಹತ್ತಿರ ಮಾಡಿ ಎಂದು ಒಬ್ಬರು ಪ್ರೂಫಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದ್ದರು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ ಎಂದು ವಿವರಿಸಿದೆ. ಹಾಗಾದರೆ ಒತ್ತನ್ನು ಚಿಕ್ಕದು ಮಾಡಿ ಎಂದರು. ಮಾಡಿದೆ. ಓದಲಾಗುತ್ತಿಲ್ಲ ಎಂದರು.

ಅಂಗಡಿಗಳ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂಬ ಕಾಯ್ದೆ 2024ರಲ್ಲಿ ಬಂದ ಮೇಲೆ ಬೋರ್ಡಿನ ಕೆಲಸ ತಕ್ಕಷ್ಟು ಹೆಚ್ಚಿದೆ. ಅಳತೆ ಟೇಪು ಹಿಡಿದು ಬರುವವರು ತಲೆಕಟ್ಟಿನಿಂದ ಅಕ್ಷರದ ಪಾದದವರೆಗೆ ಅಳೆಯುತ್ತಾರೋ, ಅಲ್ಲಿಂದ ಕೆಳಗೆ ಜೋತುಬಿದ್ದ ಮಕಾರದ ಬಾಲವನ್ನೂ ಸೇರಿಸುತ್ತಾರೋ ಎಂದು ವಿಚಾರಿಸಿದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ನಾನಂತೂ ಬಾಲವನ್ನು ಕನ್ನಡದ ಲೆಕ್ಕಕ್ಕೇ ಹಿಡಿದು, ಚದರಡಿಗೆ ಇಷ್ಟೆಂದು ಬಿಲ್ಲು ಬರೆಯುತ್ತಿದ್ದೇನೆ.