ಎರಡು ಕಡ್ಡಿ ಟವರು

ನಮ್ಮನೆಯಲ್ಲಿ ಮೊಬೈಲ್ ಟವರ್ ಸಿಗುವ ಜಾಗ ಎರಡು. ಒಂದು, ಬಚ್ಚಲಿನ ಹಂಡೆ ಒಲೆಯ ಪಕ್ಕ. ಅಲ್ಲಿ ಫೋನನ್ನು ಆರತಿ ಎತ್ತಿದ ಹಾಗೆ ಎತ್ತಿ ಹಿಡಿದರೆ ಒಂದು ಕಡ್ಡಿ ಬರುತ್ತದೆ. ಮಾತಾಡೋಣ ಅಂತ ಕಿವಿಗೆ ತಂದರೆ ಹೋಗುತ್ತದೆ. ಇನ್ನೊಂದು ಜಾಗ ಅಸಲಿಗೆ ಮನೆಯಲ್ಲೇ ಇಲ್ಲ. ಅಡಿಕೆ ತೋಟ ಇಳಿದು, ಸಂಕ ದಾಟಿ, ಬ್ಯಾಣ ಹತ್ತಿ ಇಪ್ಪತ್ತು ನಿಮಿಷ ನಡೆದರೆ ಗುಡ್ಡದ ನೆತ್ತಿಯಲ್ಲಿ ಒಂದು ಹಲಸಿನ ಮರ. ಅದರ ಬುಡದಲ್ಲಿ ಎರಡು ಕಡ್ಡಿ. ನಸೀಬು ಚೆನ್ನಾಗಿದ್ದ ದಿನ ಮೂರು.

2020ರ ಯುಗಾದಿಗೆ ಅಂತ ಎರಡು ಜೊತೆ ಬಟ್ಟೆ ತಗೊಂಡು ಬೆಂಗಳೂರಿನಿಂದ ಬಂದವಳು ನಾನು. ತೀರ್ಥಹಳ್ಳಿಯಲ್ಲಿ ಬಸ್ ಇಳಿದಾಗ ಲ್ಯಾಪ್‌ಟಾಪ್ ಕೂಡ ಹೆಗಲ ಮೇಲಿತ್ತು, ಸುಮ್ನೆ ಅಭ್ಯಾಸಕ್ಕೆ. ಹಬ್ಬ ಮಾರ್ಚ್ 25ಕ್ಕೆ. 24ರ ರಾತ್ರಿ 8 ಗಂಟೆಗೆ ಪ್ರಧಾನಿಯವರು ಟಿ.ವಿ.ಯಲ್ಲಿ ಬಂದು, 21 ದಿನ ಯಾರೂ ಮನೆ ಬಿಟ್ಟು ಹೊರಡಬೇಡಿ ಅಂದರು. ಹೋಳಿಗೆಗೆ ಬೇಳೆ ಅಳೆಯುತ್ತಿದ್ದ ಅಮ್ಮ ಸೇರು ಹಿಡಿದುಕೊಂಡೇ ಬಂದು ಕೇಳಿಸಿಕೊಂಡಳು. "ಹಂಗಾರೆ ಇನ್ನರ್ಧ ಸೇರು ಹಾಕ್ತೀನಿ" ಅಂತ ಒಳಗೆ ಹೋದಳು.

ಅಂತರ ಕಾಪಾಡಿ ಅನ್ನುವುದು ನಮ್ಮ ಕಡೆಯವರಿಗೆ ಹೊಸ ಮಾತಲ್ಲ. ಪಕ್ಕದ ಮನೆ ಅಂದರೆ ಕೂಗಳತೆ, ಅದೂ ಕೂಗುವವರ ಗಂಟಲು ದೊಡ್ಡದಿದ್ದರೆ. ಹೊರಗೆ ಹೋಗದೆ ಇರುವುದೂ ಗೊತ್ತು. ಆರಿದ್ರ ಮಳೆ ಹಿಡಿಯಿತು ಅಂದರೆ ಪೇಟೆ ಮುಖ ನೋಡದೆ ಎಷ್ಟೋ ದಿನ ಕಳೆಯುವ ಜನ. ಅದಕ್ಕೆ ಬೇಕಾದ ಸೌದೆ, ಹಪ್ಪಳ, ಉಪ್ಪಿನಕಾಯಿ, ಹುಣಸೆಹಣ್ಣು ಎಲ್ಲ ಬೇಸಿಗೆಯಲ್ಲೇ ಒಳಗೆ ಸೇರಿರುತ್ತದೆ. ನಮಗೆ ಹೊಸದು ಅಂದರೆ ಮನೆಯಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡುವುದು. ಅದಕ್ಕೆ ಅಟ್ಟದಲ್ಲಿ ಯಾವ ತಯಾರಿಯೂ ಇರಲಿಲ್ಲ.

ಮೊದಲ ಎರಡು ದಿನ ಬಚ್ಚಲೇ ಆಫೀಸು. ಮ್ಯಾನೇಜರ್ ಮಾತಾಡುವಾಗ ಹಿಂದೆ ಹಂಡೆ ನೀರು ಗುಳುಗುಳು ಅನ್ನುತ್ತಿತ್ತು. ಮೂರನೇ ದಿನ, "ಯಾರಾದ್ರೂ ಸ್ನಾನ ಮಾಡ್ಬೇಕೋ ಬ್ಯಾಡ್ವೋ ಈ ಮನೇಲಿ?" ಅಂತ ಅಜ್ಜಿ ಕೇಳಿದ ಮೇಲೆ ನಾನು ಗುಡ್ಡ ಹತ್ತಿದೆ.

ಅಪ್ಪಯ್ಯ ಅಡಿಕೆ ದಬ್ಬೆ ಸೀಳಿ ಒಂದು ಮೇಜು ಮಾಡಿಕೊಟ್ಟರು. ಕೂರಲು ಹಾಸುಗಲ್ಲು ಮೊದಲೇ ಇತ್ತು. ಬಿಸಿಲಿಗೆ ನಾಲ್ಕು ಗೂಟ ನೆಟ್ಟು ಮೇಲೆ ಸೋಗೆ ಹೊದೆಸಿದರು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಬರುವುದು ಹೆಚ್ಚೆಂದರೆ ಮೂರೂವರೆ ಗಂಟೆ. ಹಾಗಾಗಿ ಬೆಳಿಗ್ಗೆ ಒಂಬತ್ತೂವರೆಗೆ ಹತ್ತಿದರೆ ಒಂದು ಗಂಟೆಗೆ ಅದು ಸಾಯುತ್ತಿತ್ತು, ನಾನು ಊಟಕ್ಕೆ ಇಳಿಯುತ್ತಿದ್ದೆ. ಅದು ಚಾರ್ಜ್ ಆಗುವವರೆಗೆ ನಾನು ಜಗಲಿಯಲ್ಲಿ ಅರ್ಧ ಗಂಟೆ ಮಲಗುತ್ತಿದ್ದೆ. ಇಬ್ಬರೂ ಒಟ್ಟಿಗೆ ಮೇಲೇಳುತ್ತಿದ್ದೆವು. ಬೆಂಗಳೂರಿನಲ್ಲಿ ಮಧ್ಯಾಹ್ನ ಮೂರಕ್ಕೋ ನಾಲ್ಕಕ್ಕೋ ಡಬ್ಬಿ ತೆಗೆದು, ಸ್ಕ್ರೀನ್ ನೋಡುತ್ತಾ ಏನು ತಿಂದೆ ಅಂತಲೂ ಗೊತ್ತಾಗದ ಹಾಗೆ ಉಣ್ಣುತ್ತಿದ್ದವಳು, ಇಲ್ಲಿ ಒಂದೆಲಗದ ತಂಬುಳಿಯನ್ನು ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದೆ. ಬ್ಯಾಟರಿ ಅಷ್ಟು ಹಳೆಯದಾಗಿದ್ದು ಒಳ್ಳೆಯದೇ ಆಯಿತು.

ಗುಡ್ಡ ಹತ್ತುವ ಮೊದಲು ಅಮ್ಮನ ತಪಾಸಣೆ ಇರುತ್ತಿತ್ತು. ಮಾಸ್ಕ್ ಹಾಕಿದೆಯಾ ಅಂತ ಅಲ್ಲ. ಕಾಲಿಗೆ ಎಣ್ಣೆ ಹಚ್ಚಿದೆಯಾ ಅಂತ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗೊತ್ತಾದ ಮಂಗನ ಕಾಯಿಲೆ, ಇವತ್ತಿಗೂ ನಮ್ಮ ಬೇಸಿಗೆಯನ್ನು ಬಿಟ್ಟಿಲ್ಲ. ಅದನ್ನು ಹರಡುವುದು ಉಣುಗು, ಅಂದರೆ ಉಣ್ಣೆ ಹುಳ. ಅದರ ಮರಿ ಎಷ್ಟು ಸಣ್ಣದು ಅಂದರೆ ಕಚ್ಚಿದ್ದೂ ಗೊತ್ತಾಗುವುದಿಲ್ಲ. ಊರಿಗೆಲ್ಲ ಹೊಸ ವೈರಸ್ಸಿನ ಹೆದರಿಕೆ, ಅಮ್ಮನಿಗೆ ಹಳೆಯದರ ಹೆದರಿಕೆ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಟ್ಟ ಡಿ.ಎಂ.ಪಿ. ಎಣ್ಣೆಯನ್ನು ಮೊಣಕಾಲಿನವರೆಗೆ ಬಳಿದುಕೊಂಡೇ ನಾನು ಆಫೀಸಿಗೆ ಹೊರಡಬೇಕು. ಸಂಜೆ ಇಳಿದು ಬಂದರೆ ಜಗಲಿ ಹತ್ತುವ ಹಾಗಿಲ್ಲ. ಸೀದಾ ಬಚ್ಚಲಿಗೆ ಹೋಗಿ, ಹಾಕಿದ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ, ಹಂಡೆಯಲ್ಲಿ ಕುದಿಯುತ್ತಿದ್ದ ನೀರು ಬೆರೆಸಿಕೊಂಡು ತಲೆಯಿಂದ ಕಾಲಿನವರೆಗೆ ಸ್ನಾನ. ಹೊರಗೆ ಬರುವಾಗ ಮೈಯಲ್ಲಿ ಹೊಗೆ ವಾಸನೆ, ತಲೆಯಲ್ಲಿ ಆಫೀಸಿನದು ಏನೂ ಇಲ್ಲ. ಉಣುಗಿಗೆ ಅಂತ ಮಾಡಿದ ಸ್ನಾನಕ್ಕೆ ಮೀಟಿಂಗುಗಳೂ ತೊಳೆದು ಹೋಗುತ್ತಿದ್ದವು. ಏಳು ಗಂಟೆಗೆ ಯಾರಾದರೂ ಮೇಲ್ ಕಳಿಸಿದರೆ ಅದು ಗುಡ್ಡದ ಮೇಲೇ ಇರುತ್ತಿತ್ತು. ರಾತ್ರಿ ಟಾರ್ಚ್ ಹಿಡಿದುಕೊಂಡು ಹೋಗಿ ಓದುವಂಥ ಮೇಲನ್ನು ನಮ್ಮ ಕಂಪನಿಯಲ್ಲಿ ಇನ್ನೂ ಯಾರೂ ಬರೆದಿಲ್ಲ.

ಏಪ್ರಿಲ್‌ನಲ್ಲಿ ಕಂಪನಿಯವರಿಗೆ ನಮ್ಮ ಮನಸ್ಸಿನ ಆರೋಗ್ಯದ ಚಿಂತೆ ಶುರುವಾಯಿತು. ಸಂಜೆ ಐದಕ್ಕೆ ಒಂದು ವೆಬಿನಾರ್, ಮನೆಯಿಂದ ಕೆಲಸ ಮಾಡುತ್ತಾ ಸಮತೋಲನ ಕಾಪಾಡುವುದು ಹೇಗೆ ಅಂತ. ಬಿಳಿ ಬಟ್ಟೆಯ ಗುರುಗಳೊಬ್ಬರು ಬಂದು ಕಣ್ಣು ಮುಚ್ಚಿ ಅಂದರು, ಮುಚ್ಚಿದೆ. ಉಸಿರು ಒಳಗೆ ಎಳೆದುಕೊಳ್ಳಿ ಅಂದರು, ಎಳೆದುಕೊಂಡೆ. ಹಿಡಿದಿಟ್ಟುಕೊಳ್ಳಿ ಅಂದರು. ಅಷ್ಟಕ್ಕೆ ಟವರ್ ಹೋಯಿತು. ಒಂದು ಕಣ್ಣು ತೆರೆದು ನೋಡಿದರೆ ಗುರುಗಳು ಕೆನ್ನೆ ಉಬ್ಬಿಸಿಕೊಂಡು ಹಾಗೇ ನಿಂತುಬಿಟ್ಟಿದ್ದರು. ಆಮೇಲೆ ನಾನೇ ನನ್ನ ಜವಾಬ್ದಾರಿಯಲ್ಲಿ ಉಸಿರು ಬಿಟ್ಟೆ. ಕೆಳಗೆ ಯಾವುದೋ ನವಿಲು ಒಂದೇ ಸಮನೆ ಕೂಗಲು ಶುರುಮಾಡಿತು. ಟವರ್ ಮರಳಿದಾಗ ಪುಣೆಯ ಸಹೋದ್ಯೋಗಿಯೊಬ್ಬಳು, "ನಿಮ್ಮನೆ ಬೆಕ್ಕಿಗೆ ಹುಷಾರಿಲ್ವಾ?" ಅಂತ ಕೇಳುತ್ತಿದ್ದಳು.

ಅದೇ ಹೊತ್ತಿಗೆ ಹಲಸು ಬಲಿತಿತ್ತು. ಹಲಸಿನ ಹಪ್ಪಳಕ್ಕೆ ಕಾಯಿ ಬಲಿತಿರಬೇಕು, ಹಣ್ಣಾಗಿರಬಾರದು. ಆ ಸಂಧಿ ಕೆಲವೇ ದಿನ ಇರುತ್ತದೆ, ಅದಕ್ಕೆ ಲಾಕ್‌ಡೌನ್ ಗೊತ್ತಿಲ್ಲ. ಬೇರೆ ವರ್ಷ ಆಚೆಮನೆ ಈಚೆಮನೆ ಹೆಂಗಸರು ಸೇರಿ ಮಾಡುವ ಕೆಲಸ. ಆ ವರ್ಷ ಯಾರೂ ಬರುವ ಹಾಗಿರಲಿಲ್ಲ. ಅಮ್ಮ ಸೊಳೆ ಬೇಯಿಸುತ್ತಿದ್ದಳು, ಅಪ್ಪಯ್ಯ ಒರಳಿನಲ್ಲಿ ಗುದ್ದುತ್ತಿದ್ದರು, ಅಜ್ಜಿ ಉಂಡೆ ಕಟ್ಟುತ್ತಿದ್ದಳು. ನನ್ನದು ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಸೊಳೆ ಬಿಡಿಸುವ ಪಾಳಿ. ಕೈಗೆ ಎಷ್ಟು ಕೊಬ್ಬರಿ ಎಣ್ಣೆ ಹಚ್ಚಿಕೊಂಡರೂ ಮೇಣ ಎಲ್ಲೋ ಒಂದು ಕಡೆ ಕೂತಿರುತ್ತದೆ. ಒಂದು ದಿನ ಅದು ಬಲಗೈ ಹೆಬ್ಬೆರಳ ಸಂದಿಯಲ್ಲಿ ಕೂತು ನನ್ನ ಜೊತೆ ಗುಡ್ಡಕ್ಕೂ ಬಂತು. ಕೀಬೋರ್ಡಿನ ಸ್ಪೇಸ್‌ಬಾರ್ ಒತ್ತಿದರೆ ಒತ್ತಿಕೊಂಡೇ ಉಳಿಯಿತು. ಕರ್ಸರ್ ಬಲಕ್ಕೆ ಓಡಿತು, ಓಡಿತು, ಪುಟದ ಕೊನೆ ಮುಟ್ಟಿ ಕೆಳಗಿಳಿದು ಮತ್ತೆ ಓಡಿತು. ಉಗುರಿನಿಂದ ಎಬ್ಬಿಸಿದರೆ ಬಿಳಿ ದಾರದ ಹಾಗೆ ಉದ್ದ ಎಳೆದುಕೊಂಡು ಬಂತು. ಸಂಜೆ ಅಜ್ಜಿ ಕನ್ನಡಕ ಹಾಕಿಕೊಂಡು, ಹತ್ತಿಗೆ ಎಣ್ಣೆ ಅದ್ದಿ, ಮಗುವಿನ ಕಿವಿ ಒರೆಸಿದ ಹಾಗೆ ಒಂದೊಂದೇ ಕೀಲಿ ಒರೆಸಿದಳು. "ಎಂತ ಮಾರಾಯ್ತಿ, ನಿನ್ನ ಕೆಲಸದಲ್ಲಿ ಇಷ್ಟೊಂದು ಗುಂಡಿ ಒತ್ಬೇಕಾ?" ಅಂದಳು. ಈಗಲೂ ಆ ಲ್ಯಾಪ್‌ಟಾಪ್ ಬಿಸಿಯಾದರೆ ಸಣ್ಣಗೆ ಹಲಸಿನ ವಾಸನೆ ಬರುತ್ತದೆ. ನನ್ನ ಭ್ರಮೆಯೂ ಇರಬಹುದು.

ಹೀಗೆಲ್ಲ ಬರೆದರೆ ಲಾಕ್‌ಡೌನ್ ಅಂದರೆ ಅಜ್ಜಿಮನೆ ರಜೆ ಅನ್ನಿಸಬಹುದು, ಅಲ್ವಾ? ಹಾಗಿರಲಿಲ್ಲ. ನನಗೆ ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತಿತ್ತು, ಹಾಗಾಗಿ ನವಿಲಿನ ಕೂಗು ಕೇಳುತ್ತಿತ್ತು. ಅಡಿಕೆ ಮಂಡಿಯಲ್ಲಿ ವ್ಯಾಪಾರ ನಿಂತು ಅಪ್ಪಯ್ಯನ ಕೈಯಲ್ಲಿ ದುಡ್ಡಿರಲಿಲ್ಲ. ಮಳೆಗೆ ಮುಂಚೆ ಔಷಧಿ ಹೊಡೆಯಲು ಮೈಲುತುತ್ತ ಸಿಗುತ್ತದೋ ಇಲ್ಲವೋ ಅಂತ ರಾತ್ರಿ ಎದ್ದು ಕೂರುತ್ತಿದ್ದರು. ಮೇ ಮೊದಲ ವಾರದವರೆಗೆ ನಮ್ಮ ಜಿಲ್ಲೆ ಕೊರೊನಾ ಇಲ್ಲದ ಹಸಿರು ವಲಯ ಅಂತ ಜಂಬ ಪಟ್ಟುಕೊಂಡಿದ್ದೆವು. 10ನೇ ತಾರೀಕು ಒಂದೇ ದಿನ 8 ಜನರಿಗೆ ಬಂತು ಅಂತ ಸುದ್ದಿಯಾಯಿತು. ಮಾರನೇ ದಿನದಿಂದ, ಬೆಂಗಳೂರಿನಿಂದ ಬಂದು ಒಂದೂವರೆ ತಿಂಗಳಾಗಿದ್ದ ನನ್ನನ್ನೂ ಕಂಡು ಕೆಲವರು ದಣಪೆಯ ಆಚೆಯೇ ನಿಂತರು. ದೂರದ ಊರಿನಲ್ಲಿ ಸೋದರಮಾವ ತೀರಿಕೊಂಡಾಗ ಅಮ್ಮ ಅತ್ತಿದ್ದು ಆ ಹಲಸಿನ ಮರದ ಕೆಳಗೇ, ನನ್ನ ಫೋನಿನ ವೀಡಿಯೊ ನೋಡಿಕೊಂಡು. ನಡುವೆ ಎರಡು ಸಲ ಕಟ್ಟಾಯಿತು. ಅದರ ಬಗ್ಗೆ ಜಾಸ್ತಿ ಬರೆಯಲು ನನಗೆ ಬರುವುದಿಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ಸೋಗೆಯ ಜಾಗಕ್ಕೆ ತಾಡಪಾಲು ಬಂತು. ಉಣುಗು ಹೋಗಿ ರಕ್ತ ಹೀರುವ ಇಂಬಳ ಬಂತು, ಎಣ್ಣೆ ಹೋಗಿ ಉಪ್ಪಿನ ಪೊಟ್ಟಣ ಬಂತು. ಗುಡುಗು ಶುರುವಾದರೆ ಮಾತ್ರ ಎಂಥ ಮೀಟಿಂಗ್ ಇದ್ದರೂ ಇಳಿಯಲೇಬೇಕು, ಅದು ಅಪ್ಪಯ್ಯನ ಕಾನೂನು. ಹಿಂದೊಮ್ಮೆ ಸಿಡಿಲಿಗೆ ಮನೆಯ ಲ್ಯಾಂಡ್‌ಲೈನ್ ಫೋನು ಕರಕಲಾಗಿತ್ತು. ಆವತ್ತಿನಿಂದ ಅವರಿಗೆ ಪ್ಲಗ್ ಕೀಳುವುದು ಸಂಧ್ಯಾವಂದನೆಯಷ್ಟೇ ಮುಖ್ಯ. ಎಲ್ಲೋ ಆಗುಂಬೆ ಕಡೆ ಗುಡುಗಿದರೂ ಸಾಕು, ನಮ್ಮನೆ ಟಿ.ವಿ., ಫ್ರಿಜ್ಜು, ಮಿಕ್ಸಿ ಎಲ್ಲದರ ಬಾಲವೂ ನೆಲದ ಮೇಲಿರುತ್ತದೆ.

ಮಾರನೇ ವರ್ಷ ನಮ್ಮ ಸುತ್ತಮುತ್ತಲಿನವರಿಗೆ ಸಿಟ್ಟು ಬಂತು. ಮಕ್ಕಳ ಆನ್‌ಲೈನ್ ಪಾಠವೂ ಗುಡ್ಡದ ಮೇಲೆಯೇ ಆದರೆ ಯಾರಿಗೆ ಬರುವುದಿಲ್ಲ? ಮಲೆನಾಡಿನ ಹಳ್ಳಿಗಳಲ್ಲಿ "ನೋ ನೆಟ್‌ವರ್ಕ್, ನೋ ವೋಟಿಂಗ್" ಅಂತ ಬೋರ್ಡು ಎದ್ದವು. ನ್ಯಾಯವಾದ ಸಿಟ್ಟು. ನಾನೂ ಹೌದು ಹೌದು ಅಂದೆ. 2021ರ ಏಪ್ರಿಲ್ 27ಕ್ಕೆ ರಾಜ್ಯದಲ್ಲಿ ಮತ್ತೆ ಬಾಗಿಲು ಹಾಕಿದಾಗ ನಾನು ಮತ್ತೆ ಊರಲ್ಲಿದ್ದೆ. ಅಷ್ಟರಲ್ಲಿ ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಎಳೆದುಕೊಂಡು ಒಂದು ಕಪ್ಪು ಕೇಬಲ್ ನಮ್ಮ ಜಗಲಿಗೂ ಬಂದಿತ್ತು. ಅದರ ತುದಿಯಲ್ಲಿ ನಾಲ್ಕು ಹಸಿರು ದೀಪ ಮಿಣುಕಿಸುವ ಡಬ್ಬಿ. ಅಮ್ಮ ಅದಕ್ಕೂ ಕುಂಕುಮ ಇಟ್ಟಳು.

ಆಮೇಲೆ ಏಳಕ್ಕೆ ಬಂದ ಮೇಲು ಏಳಕ್ಕೇ ಸಿಕ್ಕಿತು. ಎಂಟಕ್ಕೆ ಕಾಲ್ ಇತ್ತು, ಊಟದ ತಟ್ಟೆಯ ಪಕ್ಕ ಲ್ಯಾಪ್‌ಟಾಪ್ ಇತ್ತು. ತಂಬುಳಿ ಎರಡನೇ ಸಲ ಹಾಕಿಸಿಕೊಳ್ಳುವುದು ಮರೆತುಹೋಗುತ್ತಿತ್ತು. ಒಂದು ದಿನ ಅಜ್ಜಿ ಕಾಲು ನೋವು ಅಂತ ಏನೋ ಹೇಳುತ್ತಿದ್ದಾಗ, ಒಂದ್ನಿಮಿಷ ಅಜ್ಜಿ ಅಂತ ಕೈ ಎತ್ತಿದೆ. ಕಾಲ್ ಮುಗಿಸಿ ತಿರುಗಿ ನೋಡಿದರೆ ಅಜ್ಜಿ ಮಲಗಿಯಾಗಿತ್ತು. ಅಪ್ಪಯ್ಯ ಮೂಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಎಲ್ಲ ನೋಡುತ್ತಿದ್ದರು, ಏನೂ ಹೇಳಲಿಲ್ಲ.

ಮಾರನೇ ದಿನ ಸಂಜೆ ಏಳೂಕಾಲಿಗೆ, ಒಂದು ವಾಕ್ಯದ ಮಧ್ಯದಲ್ಲಿ ಪರದೆ ನಿಂತುಹೋಯಿತು. ಜಗಲಿಗೆ ಬಂದು ನೋಡಿದರೆ ಡಬ್ಬಿಯ ದೀಪಗಳೆಲ್ಲ ಆರಿವೆ. ಅದರ ಬಾಲ ನೆಲದ ಮೇಲೆ.

"ಗುಡುಗು ಕೇಳ್ದಂಗಾಯ್ತು" ಅಂದರು ಅಪ್ಪಯ್ಯ.

ಅಂಗಳಕ್ಕಿಳಿದು ತಲೆಯೆತ್ತಿ ನೋಡಿದೆ. ಒಂದು ಚೂರು ಮೋಡವಿಲ್ಲ. ಹಲಸಿನ ಮರದ ಮೇಲುಗಡೆ ಆಗಲೇ ಒಂದು ಚುಕ್ಕಿ ಮೂಡಿತ್ತು. ಬಚ್ಚಲಿನಿಂದ ಅಮ್ಮ ಕೂಗಿದಳು, "ನೀರು ಕಾದಿದೆ, ಬಾರೇ."