ಶಾಲಾ ಪ್ರವಾಸಕ್ಕೆ ಕಣ್ಣೂರು ಜೈಲು ಬೇಕಾ?

ಪರ

ಕಾಸರಗೋಡಿನ ಕನ್ನಡ ಶಾಲೆಗಳ ಪ್ರವಾಸ ಅಂದರೆ ಮೈಸೂರು, ಬೇಲೂರು, ಹಳೇಬೀಡು. ಬೇಡ ಅಂತಲ್ಲ. ಆದರೆ ರೈಲು ಹತ್ತಿದರೆ ಎರಡು ಗಂಟೆಯೊಳಗೆ ಸಿಗುವ ಕಣ್ಣೂರು ಸೆಂಟ್ರಲ್ ಜೈಲಿನಲ್ಲಿ ನಮ್ಮ ಊರಿನದೇ ಕಥೆ ಇದೆ. 1869ರಲ್ಲಿ ಶುರುವಾದ ಜೈಲು ಅದು. ಒಬ್ಬ ಪೊಲೀಸ್ ಪೇದೆಯ ಸಾವಿನ ಕೇಸಿನಲ್ಲಿ 1943ರ ಮಾರ್ಚ್ 29ರಂದು ಈಗಿನ ಕಾಸರಗೋಡು ಜಿಲ್ಲೆಯ ಕಯ್ಯೂರಿನ ನಾಲ್ವರನ್ನು ಅಲ್ಲೇ ಗಲ್ಲಿಗೇರಿಸಿದರು. ಮಠತ್ತಿಲ್ ಅಪ್ಪು, ಚಿರುಕಂಡನ್, ಕುಂಞಂಬು ನಾಯರ್, ಅಬೂಬಕ್ಕರ್. ಜಮೀನ್ದಾರರ ಎದುರು ನಿಂತ ರೈತ ಸಂಘದವರು. ಅದೇ ಕೇಸಿನಲ್ಲಿ ಚೂರಿಕಾಡನ್ ಕೃಷ್ಣನ್ ನಾಯರ್ ಗಲ್ಲಿನಿಂದ ಉಳಿದದ್ದು ಪ್ರಾಯ ಸಾಲದು ಅನ್ನುವ ಕಾರಣಕ್ಕೆ. ನಮ್ಮ ಹೈಸ್ಕೂಲು ಮಕ್ಕಳಿಗೆ ಇದು ನಾಟದೇ ಇರುತ್ತಾ?

ಆಗ ಕಯ್ಯೂರು ಇದ್ದದ್ದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. 1956ರಲ್ಲಿ ಗಡಿ ಬದಲಾದ ಮೇಲೆ ಅದು ಮಲಯಾಳಿಗಳ ಚರಿತ್ರೆ, ನಮ್ಮದಲ್ಲ ಅಂತ ಸುಮ್ನೆ ಬಿಟ್ಟುಬಿಟ್ಟೆವು. ಇದು ಸರಿಯಲ್ಲ. ಆ ಗೋಡೆಗಳನ್ನು ನಮ್ಮ ಮಕ್ಕಳು ಕಣ್ಣಾರೆ ನೋಡಬೇಕು.

ವಿರೋಧ

ಕಥೆ ಹೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಜೈಲಿನಲ್ಲಿ ಇವತ್ತಿಗೂ ಕೈದಿಗಳಿದ್ದಾರೆ. ಅವರನ್ನು ನೋಡಲು ಮನೆಯವರು ಬರುತ್ತಾರೆ. ಅಪ್ಪನ ಭೇಟಿಗೆ ಬಂದ ಮಗುವಿನ ಎದುರು ನಮ್ಮ ಮಕ್ಕಳು ಯೂನಿಫಾರ್ಮ್ ಹಾಕಿಕೊಂಡು, ಸಾಲಾಗಿ, ಪ್ರವಾಸ ಅಂತ ಒಳಗೆ ಹೋಗಬೇಕಾ? ನಮ್ಮ ಕ್ಲಾಸಿನಲ್ಲೇ ಅಂಥ ಮಗು ಇದ್ದರೆ? ಅದು ಯಾರ ಹತ್ತಿರವೂ ಹೇಳಿಕೊಂಡಿರುವುದಿಲ್ಲ. ಪ್ರವಾಸದ ದಿನ ಹೊಟ್ಟೆನೋವು ಅಂತ ಮನೆಯಲ್ಲೇ ಉಳಿದುಬಿಡುತ್ತದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚುವುದು ಇದೇ.

ಇನ್ನೊಂದು ಮಾತು. ಜೈಲಿನಲ್ಲಿ ಕಾಣುವುದು ಕಥೆಯ ಕೊನೆ ಮಾತ್ರ. ಶುರುವಾದದ್ದು ಕಯ್ಯೂರಿನ ಹೊಳೆ ದಡದಲ್ಲಿ. 1941ರ ಮಾರ್ಚ್ 28ರಂದು ರೈತರ ಮೆರವಣಿಗೆ ನಡುವೆ ಸಿಕ್ಕಿಬಿದ್ದ ಒಬ್ಬ ಪೊಲೀಸ್ ಪೇದೆ ಹೊಳೆಗೆ ಹಾರಿ ಸತ್ತ. ಆ ಸಾವಿಗೆ ನಾಲ್ವರಿಗೆ ಗಲ್ಲು. ರೈತರು ಯಾಕೆ ಸಿಟ್ಟಾಗಿದ್ದರು, ಪೇದೆ ಯಾಕೆ ಹಾರಿದ, ಒಂದು ಜೀವಕ್ಕೆ ನಾಲ್ಕು ಜೀವ ತೆಗೆದದ್ದು ನ್ಯಾಯವಾ? ಆ ಪೇದೆಯೂ ಒಂದು ಮನೆಯ ಮಗನೇ ಅಲ್ವಾ? ಹೊಳೆ ದಡದಲ್ಲಿ ನಿಂತ ಮಕ್ಕಳು ಇದನ್ನೆಲ್ಲ ಕೇಳುತ್ತಾರೆ. ಗಲ್ಲುಕಂಬದ ಮುಂದೆ ನಿಲ್ಲಿಸಿದರೆ ಹಗ್ಗದ ಬಗ್ಗೆ ಕೇಳುತ್ತಾರೆ.

ಕಯ್ಯೂರು ನಮ್ಮ ಜಿಲ್ಲೆಯಲ್ಲೇ ಇದೆ. ಹುತಾತ್ಮರ ಸ್ಮಾರಕವೂ ಅಲ್ಲಿದೆ. ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದು. ಊರಿನ ಹಿರಿಯರ ಹತ್ತಿರ ಕೂತು ಕೇಳಲು ಭಾಷೆಯ ತೊಡಕೂ ಇಲ್ಲ, ಇಲ್ಲಿನ ಕನ್ನಡ ಮಕ್ಕಳಿಗೆ ಮಲಯಾಳ ಚೆನ್ನಾಗಿಯೇ ಬರುತ್ತದೆ. ಈ ವರ್ಷದ ಪ್ರವಾಸ ಅಲ್ಲಿಗೇ ಹೊರಡಲಿ.