ಬಣ್ಣ ಹೊಡೆದರೆ ತೇವ ಹೋಗುತ್ತಾ?

ಕಲಬುರಗಿಯ ಬಿಸಿಲಲ್ಲಿ ಗೋಡೆಗೆ ತೇವ ಎಲ್ಲಿಂದ ಬರುತ್ತೆ ಅಂತ ಜನ ಕೇಳುತ್ತಾರೆ. ನಮ್ಮ ಬಾಡಿಗೆ ಮನೆಗೆ ಬಂದು ನೋಡಿ. ಮೇಲಿನ ಬಚ್ಚಲಿನ ಪೈಪು ಸೋರಿ ಸೋರಿ ಮಲಗುವ ಕೋಣೆಯ ಗೋಡೆ ಉಬ್ಬಿದೆ. ಬೆರಳಿಂದ ಒತ್ತಿದರೆ ಬಣ್ಣದ ಹಕ್ಕಳೆ ಉದುರುತ್ತದೆ. ಅದರ ಹಿಂದೆ ಕಪ್ಪು ಬೂಷ್ಟು. ಮಗಳ ದಿಂಬಿಗೂ ಅದಕ್ಕೂ ಒಂದೇ ಗೇಣು ದೂರ.

ರಾತ್ರಿಯೆಲ್ಲ ಕೆಮ್ಮುತ್ತಾಳೆ. ಆಳಂದದ ಅಜ್ಜಿ ಮನೆಗೆ ಹೋದರೆ ನಾಲ್ಕು ದಿನಕ್ಕೆ ಕೆಮ್ಮು ಇಳಿಯುತ್ತದೆ. ಅದು ದಪ್ಪ ಕಲ್ಲಿನ ಗೋಡೆಯ ಹಳೇ ಮನೆ. ಮಾಳಿಗೆಯಲ್ಲಿ ಬೆಳಕಿಂಡಿ ಇದೆ, ಗಾಳಿ ಆಡುತ್ತದೆ. ಇಲ್ಲಿ ಕಿಟಕಿ ತೆಗೆದರೆ ಎರಡೇ ಅಡಿಗೆ ಪಕ್ಕದವರ ಗೋಡೆ. ಬೂಷ್ಟಿನ ಕಣ ಉಸಿರಲ್ಲಿ ಹೋದರೆ ಅಲರ್ಜಿ, ಅಸ್ತಮಾ ಕೆರಳುತ್ತದೆ. ಮಕ್ಕಳಿಗಂತೂ ಇನ್ನೂ ಕಷ್ಟ.

ಮಾಲೀಕರಿಗೆ ಎಷ್ಟು ಸಲ ಹೇಳಿದರೂ ಒಂದೇ ಮಾತು: "ಯುಗಾದಿಗಿ ಬಣ್ಣ ಹೊಡಸ್ತೀನ್ರಿ ಅಕ್ಕಾರ." ಹೋದ ಯುಗಾದಿಗೂ ಹೊಡೆಸಿದ್ದರು! ಮಳೆಗಾಲಕ್ಕೆ ಮೊದಲೇ ಕಲೆ ಮತ್ತೆ ಮೂಡಿತು. ಸೋರುವುದು ಪೈಪು, ರೀ. ಮೊದಲು ಅದನ್ನು ರಿಪೇರಿ ಮಾಡಿಸಬೇಕು, ಗೋಡೆ ಒಣಗಲು ಬಿಡಬೇಕು, ಆಮೇಲೆ ಬಣ್ಣ. ಒಬ್ಬ ಪ್ಲಂಬರ್ ಕರೆಸೋಕೆ ಇಷ್ಟು ದಿನ ಬೇಕಾ? ಬಾಡಿಗೆ ಮಾತ್ರ 5ನೇ ತಾರೀಖು ದಾಟಬಾರದು.